ಕಲಂ 354ರ ಕವಲುಗಳು

ಹೆಣ್ಣಿನ ಮೇಲಿನ ಲೈಂಗಿಕ ಕಿರುಕುಳವನ್ನು ಅಳೆಯಲು ಭಾರತದ ದಂಡ ಕಾನೂನಿಗೆ ಒಂದೂವರೆ ಶತಮಾನ ಕಾಲ ಮುಖ್ಯವಾಗಿ ಎರಡೇ ಕಲಮುಗಳಿದ್ದವು. 1862ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯಲ್ಲಿ, ಮಾನಭಂಗದ ಉದ್ದೇಶದಿಂದ ಹೆಣ್ಣಿನ ಮೇಲೆ ಕೈಮಾಡುವುದು ಕಲಂ 354ರ ಅಪರಾಧ. ಮಾತು, ಸನ್ನೆಗಳಿಂದ ಅವಮಾನಿಸುವುದು, ಅವಳ ಖಾಸಗಿ ಬದುಕಿಗೆ ನುಗ್ಗುವುದು ಕಲಂ 509ರ ಅಪರಾಧ. ಮೊದಲನೆಯದಕ್ಕೆ ಹೆಚ್ಚೆಂದರೆ ಎರಡು ವರ್ಷ ಸಜೆ, ಎರಡನೆಯದಕ್ಕೆ ಒಂದು ವರ್ಷದ ಸಾದಾ ಸಜೆ. ಬರೀ ದಂಡ ಕಟ್ಟಿಸಿಕೊಂಡು ಬಿಡುವ ಅವಕಾಶವೂ ಎರಡರಲ್ಲೂ ಇತ್ತು.

ಇಲ್ಲಿ ಕಾನೂನು ನೋಡುತ್ತಿದ್ದುದು ಹೆಣ್ಣಿಗಾದ ಹಾನಿಯನ್ನಲ್ಲ, ಅವಳ ಲಜ್ಜೆಗೆ ಬಂದ ಕುಂದನ್ನು. ಇದರ ಪರಿಣಾಮ ಎಷ್ಟು ಕ್ರೂರವಾಗಬಹುದೆಂಬುದು ಪಂಜಾಬಿನ ಒಂದು ಮೊಕದ್ದಮೆಯಲ್ಲಿ ಬಯಲಾಯಿತು. ದೌರ್ಜನ್ಯಕ್ಕೆ ತುತ್ತಾದದ್ದು ಏಳೂವರೆ ತಿಂಗಳ ಹಸುಗೂಸು. ಆ ವಯಸ್ಸಿನಲ್ಲಿ ಲಜ್ಜೆಯ ಅರಿವೇ ಇರುವುದಿಲ್ಲವೆಂಬ ತರ್ಕದಿಂದ ಕಲಂ 354 ಅನ್ವಯಿಸದೆ ಹೋಗಿತ್ತು. 1966ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಅದನ್ನು ತಳ್ಳಿಹಾಕಿತು. ಆಗಲೂ ಆ ಕಲಮಿನಡಿ ವಿಧಿಸಬಹುದಾಗಿದ್ದ ಗರಿಷ್ಠ ಸಜೆ ಎರಡೇ ವರ್ಷ.

ಅಧಿಕಾರಸ್ಥರ ವಿರುದ್ಧ ಈ ಕಲಮುಗಳನ್ನು ಬಳಸುವುದು ಇನ್ನೂ ಕಷ್ಟವಾಗಿತ್ತು. 1988ರಲ್ಲಿ ಐಎಎಸ್ ಅಧಿಕಾರಿ ರೂಪನ್ ದೇವಲ್ ಬಜಾಜ್ ಅವರು ಪಂಜಾಬಿನ ಪೊಲೀಸ್ ಮುಖ್ಯಸ್ಥ ಕೆ.ಪಿ.ಎಸ್. ಗಿಲ್ ವಿರುದ್ಧ ದೂರು ಕೊಟ್ಟರು. ಹೈಕೋರ್ಟ್ ಪ್ರಕರಣವನ್ನೇ ರದ್ದುಪಡಿಸಿತು. ಸುಪ್ರೀಂ ಕೋರ್ಟ್ ಅದಕ್ಕೆ ಮರುಜೀವ ಕೊಡುವಾಗ 1995 ಆಗಿತ್ತು. ಮರುವರ್ಷ ಅಪರಾಧ ಸಾಬೀತಾಯಿತು. ಮೇಲ್ಮನವಿಯಲ್ಲಿ ಜೈಲುಶಿಕ್ಷೆ ಹೋಗಿ ಪ್ರೊಬೇಷನ್ ಮತ್ತು ದಂಡ ಉಳಿದವು. 2005ರಲ್ಲಿ ಕೊನೆಯ ತೀರ್ಪು ಬರುವವರೆಗೆ ಹದಿನೇಳು ವರ್ಷ ದೂರನ್ನು ಬಿಡದೆ ಹಿಡಿದಿದ್ದು ದೂರುದಾರರ ಛಲ.

ಕೆಲಸದ ಜಾಗದ ಕಿರುಕುಳದ ವಿರುದ್ಧ ಕಾನೂನಿಗೆ ದಾರಿ ತೆರೆದದ್ದು ರಾಜಸ್ಥಾನದ ಭಟೇರಿ ಗ್ರಾಮದ ಘಟನೆ. 1992ರಲ್ಲಿ, ಬಾಲ್ಯವಿವಾಹ ತಡೆಯಲು ಯತ್ನಿಸಿದ ಸರ್ಕಾರಿ ಕಾರ್ಯಕ್ರಮದ ಸಾಥಿನ್ (ಗ್ರಾಮಮಟ್ಟದ ಕಾರ್ಯಕರ್ತೆ) ಒಬ್ಬರು ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಿದೆಯೆಂದು ದೂರಿತ್ತರು. ವಿಚಾರಣಾ ನ್ಯಾಯಾಲಯ 1995ರಲ್ಲಿ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಖುಲಾಸೆಗೊಳಿಸಿತು. ಮಹಿಳಾ ಸಂಘಟನೆಗಳು ಅದಕ್ಕೂ ಮೊದಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದವು. 1997ರ ಆಗಸ್ಟ್ 13ರ ವಿಶಾಖಾ ತೀರ್ಪು ಲೈಂಗಿಕ ಕಿರುಕುಳದ ವ್ಯಾಖ್ಯೆ ಕೊಟ್ಟು, ಮಹಿಳೆಯ ನೇತೃತ್ವದ ದೂರು ಸಮಿತಿಯನ್ನು ಕಡ್ಡಾಯಗೊಳಿಸಿತು. ಸಂಸತ್ತು ಕಾನೂನು ಮಾಡುವ ತನಕ ಇದೇ ಕಾನೂನು ಎಂದಿತು. ಆ ಕಾನೂನು ಬರಲು ಹದಿನಾರು ವರ್ಷ ಬೇಕಾಯಿತು. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ತಪ್ಪಿದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ.

ಅದೇ ವರ್ಷ ದಂಡ ಸಂಹಿತೆಯೂ ಬದಲಾಯಿತು. ದೆಹಲಿಯ 2012ರ ಡಿಸೆಂಬರ್ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಒಂದೇ ತಿಂಗಳಲ್ಲಿ ವರದಿ ಕೊಟ್ಟಿತು. ವಿಶಾಖಾ ಪೀಠದ ಮುಖ್ಯ ನ್ಯಾಯಮೂರ್ತಿಯೂ ಅವರೇ ಆಗಿದ್ದರು. ಕಲಂ 354ರ ಸಜೆ ಕನಿಷ್ಠ ಒಂದು, ಗರಿಷ್ಠ ಐದು ವರ್ಷವಾಯಿತು. ಅದರಿಂದ ನಾಲ್ಕು ಹೊಸ ಕಲಮುಗಳು ಕವಲೊಡೆದವು. ಅಶ್ಲೀಲ ಮಾತಿಗೆ ಒಂದು ವರ್ಷದವರೆಗೆ. ಬೇಡದ ಸ್ಪರ್ಶ, ಲೈಂಗಿಕ ಬೇಡಿಕೆ, ಒಪ್ಪಿಗೆಯಿಲ್ಲದೆ ಅಶ್ಲೀಲ ಚಿತ್ರ ತೋರಿಸುವುದಕ್ಕೆ ಮೂರು ವರ್ಷದವರೆಗೆ ಸಜೆ. ಬಟ್ಟೆ ಕಳಚಲು ಬಲಪ್ರಯೋಗ ಮಾಡಿದರೆ ಮೂರರಿಂದ ಏಳು ವರ್ಷ. ಖಾಸಗಿ ಕ್ಷಣಗಳನ್ನು ಇಣುಕಿ ನೋಡಿದರೆ, ಚಿತ್ರೀಕರಿಸಿದರೆ ಮೊದಲ ಬಾರಿಗೆ ಒಂದರಿಂದ ಮೂರು, ಮರುಕಳಿಸಿದರೆ ಮೂರರಿಂದ ಏಳು ವರ್ಷ. ಬೆನ್ನುಬಿದ್ದು ಕಾಡುವವನಿಗೆ ಮೂರು ವರ್ಷದವರೆಗೆ, ಮರುಕಳಿಸಿದರೆ ಐದು. ಬೆನ್ನುಬೀಳುವ ಮೊದಲ ಅಪರಾಧಕ್ಕೆ ಜಾಮೀನು ಹಕ್ಕಾಗಿ ಸಿಗುವುದು ಮಾತ್ರ ದೊಡ್ಡ ಕೊರತೆ. ಠಾಣೆಯಿಂದ ಹೊರಬಂದವನು ಮತ್ತೆ ಅವಳ ಬೀದಿಯಲ್ಲೇ ನಿಲ್ಲಬಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೆಲ್ಲ 74ರಿಂದ 79ರವರೆಗಿನ ಕಲಮುಗಳಾಗಿವೆ. ಸಜೆಯ ಪ್ರಮಾಣ ಹಾಗೇ ಉಳಿದಿದೆ. ಬಟ್ಟೆ ಕಳಚುವ, ಇಣುಕುವ ಅಪರಾಧಗಳಲ್ಲಿ ಆರೋಪಿ ಪುರುಷನೇ ಆಗಿರಬೇಕೆಂಬ ನಿಯಮ ಹೋಗಿದೆ. ಹಳೆಯ ದಂಡ ಸಂಹಿತೆಯ ಕರಡು ಬರೆದ ಮೆಕಾಲೆಯ ಕಾಲದ ಮಾನಭಂಗದ ಅಳತೆ ಮಾತ್ರ ಕಲಂ 74ರಲ್ಲಿ ಮುಂದುವರಿದಿದೆ.