ಕೂಸು ಆಡಿಸುವ ಕೆಲಸ: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು

ಇಂದು ಹಾವೇರಿ ಜಿಲ್ಲೆಯಲ್ಲಿರುವ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ಬ್ರಿಟಿಷರ ಕಾಲದಲ್ಲಿ ಒಂದೇ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ಹಾನಗಲ್ಲ ತಾಲೂಕು, ಶಿಗ್ಗಾವಿ ಕೇಂದ್ರವಾಗಿದ್ದ ಬಂಕಾಪುರ ತಾಲೂಕು ಮತ್ತು ಹಿರೇಕೆರೂರು ಕೇಂದ್ರವಾಗಿದ್ದ ಕೋಡ ತಾಲೂಕು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಸವಣೂರು 1948ರಲ್ಲಿ ವಿಲೀನವಾಗುವವರೆಗೂ ನವಾಬರ ಸಂಸ್ಥಾನವಾಗಿತ್ತು. ದುಡಿಯುವ ತಾಯಿ ಮತ್ತು ಆಕೆಯ ಕೂಸಿನ ವಿಚಾರವನ್ನು ಕಾನೂನಿನ ವ್ಯಾಪ್ತಿಗೆ ತರುವುದರಲ್ಲಿ ಮುಂಬೈ ಪ್ರಾಂತವೇ ಮುಂದಿದ್ದುದರಿಂದ ಈ ಭೇದ ಗಮನಿಸತಕ್ಕದ್ದು. ಕಾರ್ಖಾನೆಯ ಹೆಣ್ಣಾಳುಗಳಿಗೆ ಹೆರಿಗೆ ಭತ್ಯೆ ಕೊಡಿಸುವ ಕಾಯ್ದೆಯನ್ನು ದೇಶದಲ್ಲಿ ಮೊದಲಿಗೆ ತಂದದ್ದು, 1929ರಲ್ಲಿ, ಅದೇ ಪ್ರಾಂತ. ಕೆಲಸಕ್ಕೆ ಹೋಗುವ ತಾಯಂದಿರು ಕೂಸುಗಳನ್ನು ಮಲಗಿಸಿಡಲು ಅಫೀಮು ಕೊಡುತ್ತಿದ್ದ ಸಂಗತಿಯನ್ನು ಕಾರ್ಮಿಕರ ಸ್ಥಿತಿಗತಿ ವಿಚಾರಿಸಿದ ರಾಯಲ್ ಆಯೋಗವು 1931ರ ವರದಿಯಲ್ಲಿ ದಾಖಲಿಸಿತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಮಕ್ಕಳಿಗೆ ಕೋಣೆ ಮೀಸಲಿಡುವಂತೆ ವಿಧಿಸುವ ಅಧಿಕಾರವನ್ನು 1934ರ ಕಾರ್ಖಾನೆ ಕಾಯ್ದೆ ಪ್ರಾಂತಗಳಿಗೆ ನೀಡಿತು. 1948ರ ಕಾಯ್ದೆ ಅದನ್ನು ಕಡ್ಡಾಯಗೊಳಿಸಿತು. 1976ರ ತಿದ್ದುಪಡಿ ಐವತ್ತನ್ನು ಮೂವತ್ತಕ್ಕೆ ಇಳಿಸಿತು.

ಆದರೆ ಈ ಕಾಯ್ದೆಗಳೆಲ್ಲ ಎಣಿಸಿದ್ದು ಒಂದೇ ಸೂರಿನ ಕೆಳಗೆ ದುಡಿಯುವವರನ್ನು ಮಾತ್ರ. ಹಾನಗಲ್ಲಿನ ಭತ್ತದ ಗದ್ದೆಯಲ್ಲಿ ಕಳೆ ಕೀಳುವವರು, ಸವಣೂರಿನ ವೀಳ್ಯದೆಲೆ ತೋಟದ ಆಳುಗಳು, ಶಿಗ್ಗಾವಿ ಭಾಗದಲ್ಲಿ ಹತ್ತಿ ಬಿಡಿಸುವವರು ಆ ಎಣಿಕೆಯ ಹೊರಗೇ ಉಳಿದರು. ಅವರ ಕೂಸು ಬದುವಿನ ಮರಕ್ಕೆ ಹಳೆಯ ಸೀರೆಯಿಂದ ಕಟ್ಟಿದ ಜೋಳಿಗೆಯಲ್ಲಿ ಮಲಗುತ್ತಿತ್ತು. ಜೋಳಿಗೆ ತೂಗಲು, ಕೂಸು ಎದ್ದರೆ ಎತ್ತಿಕೊಂಡು ತಾಯಿ ಕೆಲಸ ಮಾಡುವ ಸಾಲಿನವರೆಗೆ ಹಾಲು ಕುಡಿಸಲು ಒಯ್ಯಲು, ಏಳೆಂಟು ವರ್ಷದ ಅಕ್ಕ ಅಲ್ಲಿ ಕೂತಿರುತ್ತಿದ್ದಳು. ಈ ವ್ಯವಸ್ಥೆಗೆ ಯಾರೂ ದುಡ್ಡು ಕೊಡಬೇಕಾಗಿರಲಿಲ್ಲ ಎಂಬ ಮಾತು ನಿಜವಲ್ಲ, ಏಕೆಂದರೆ ಅದರ ಬೆಲೆಯನ್ನು ಆ ಹುಡುಗಿ ತನ್ನ ಶಾಲೆಯಿಂದ ತೆತ್ತಳು.

1970ರ ದಶಕದಿಂದ ಈ ಹೊರೆ ಇನ್ನಷ್ಟು ಬಿಗಿಯಾಯಿತು. ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಎಂಬ ಸಂಕರಣ ಹತ್ತಿ 1972ರಲ್ಲಿ ಬಿಡುಗಡೆಯಾದ ಮೇಲೆ ಹಿರೇಕೆರೂರು, ರಾಣೇಬೆನ್ನೂರು ಸೀಮೆಯಲ್ಲಿ ಬೀಜೋತ್ಪಾದನೆ ಬೇರೂರಿತು. ಹೆಣ್ಣು ತಳಿಯ ಮೊಗ್ಗಿನಿಂದ ಕೇಸರಗಳನ್ನು ಮಧ್ಯಾಹ್ನದ ನಂತರ ಉಗುರಿನಿಂದ ಬಿಡಿಸಿ ತೆಗೆದು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗವನ್ನು ಅದಕ್ಕೆ ಸವರುವ ಈ ಕ್ರಾಸಿಂಗ್ ಕೆಲಸವು ಹೂವಿನ ಹೊತ್ತಿಗೆ ನಡೆಯಬೇಕಾದದ್ದು. ಒಂದು ದಿನ ತಪ್ಪಿದರೆ ಆ ಮೊಗ್ಗು ಬೀಜಕ್ಕೆ ದಕ್ಕುವುದಿಲ್ಲ. ಹೀಗೆ ತಾಯಿಯ ದಿನದ ಎರಡೂ ತುದಿಗಳು ಹೊಲದ ಪಾಲಾದವು.

ಇದೇ ಕಾಲಕ್ಕೆ ಅಂಗನವಾಡಿ ಬಂತು. ಅದರ ಮೂಲ ಮುಂಬೈ ಪ್ರಾಂತದ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್ ಅವರು ಬಡ ಮಕ್ಕಳಿಗಾಗಿ ನಡೆಸಿದ ಬಾಲವಾಡಿಯ ಪ್ರಯೋಗಗಳಲ್ಲಿದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ, ಪ್ರತಿ ಜನವಸತಿಗೂ ಅಂಗನವಾಡಿ ಇರಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರ್‌ನಲ್ಲಿ. ಊಟ, ಚುಚ್ಚುಮದ್ದು, ತೂಕ ನೋಡುವುದು, ಮೂರರಿಂದ ಆರು ವರ್ಷದವರಿಗೆ ಆಟ-ಪಾಠ, ಇವನ್ನು ಊರೂರಿನ ಅಕ್ಕೋರು ಕಡಿಮೆ ಗೌರವಧನದಲ್ಲಿ ನಿಷ್ಠೆಯಿಂದ ನಡೆಸಿಕೊಂಡು ಬಂದಿರುವುದು ದೊಡ್ಡ ಸೇವೆ. ಆದರೂ ಮೂರು ವರ್ಷದೊಳಗಿನ ಕೂಸನ್ನು ದಿನವಿಡೀ ನೋಡಿಕೊಳ್ಳುವುದು ಆ ಯೋಜನೆಯ ಉದ್ದೇಶವೇ ಆಗಿರಲಿಲ್ಲ.

ಆ ವಯಸ್ಸಿನ ಕೂಸಿನ ಕಡೆಗೆ ಹಳ್ಳಿಯಲ್ಲಿ ಕಾನೂನು ತಿರುಗಿದ್ದು 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ. ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ಕೂಲಿ ಕೊಟ್ಟು ನೇಮಿಸಬೇಕೆಂಬ ಆ ಷರತ್ತು, ಮಗು ನೋಡಿಕೊಳ್ಳುವುದೂ ದುಡಿಮೆಯೇ ಎಂದು ಒಪ್ಪಿಕೊಂಡಿತು. ರಾಜ್ಯದ 2023-24ನೇ ಸಾಲಿನ ಬಜೆಟ್ಟು 4,000 ಗ್ರಾಮ ಪಂಚಾಯಿತಿಗಳಲ್ಲಿ ಘೋಷಿಸಿದ ‘ಕೂಸಿನ ಮನೆ’ ಈ ವಿಚಾರಕ್ಕೆ ಕಟ್ಟಡ, ತರಬೇತಿ ಪಡೆದ ಆರೈಕೆದಾರರು ಮತ್ತು ಪಂಚಾಯಿತಿಯ ಹೊಣೆಯನ್ನು ಕೂಡಿಸಿತು. ಖಾಸಗಿ ಶಿಶುಪಾಲನಾ ಕೇಂದ್ರದ ಶುಲ್ಕ ಕೂಲಿಯ ಮನೆಗೆ ಎಟುಕದಿರುವ ಈ ತಾಲೂಕುಗಳಲ್ಲಿ, ಸುರಕ್ಷಿತವೂ ಉಚಿತವೂ ಅಧಿಕೃತವೂ ಆದ ತಾಣವೆಂದರೆ ಅದೇ. ಆದ್ದರಿಂದ ಅದರ ಬಾಗಿಲು ಕಚೇರಿಯ ವೇಳೆಗಲ್ಲ, ಹೊಲದ ಕೆಲಸದ ವೇಳೆಗೆ ತೆರೆಯುವಂತೆ ಪಂಚಾಯಿತಿಗಳು ಠರಾವು ಮಾಡಬೇಕು, ಮತ್ತು ಕೂಸಿನ ದೆಸೆಯಿಂದ ಶಾಲೆ ಬಿಟ್ಟ ಅಕ್ಕಂದಿರ ಹೆಸರನ್ನು ಮರಳಿ ಹಾಜರಿ ಪುಸ್ತಕಕ್ಕೆ ಸೇರಿಸಬೇಕು.