ಇಲ್ಲ ಅನ್ನೋ ಹಕ್ಕಿಲ್ಲದವನ ದಾನ

ದಾನ ಅನ್ನೋ ಮಾತಿನ ಬಗ್ಗೆ ನಮಗೆ ಮೊದಲಿಂದಲೂ ಗುಮಾನಿ. ಗೋದಾನ, ಭೂದಾನ, ಸುವರ್ಣದಾನ. ಇವೆಲ್ಲ ದುಡಿದವನ ಕಡೆಯಿಂದ ಹೊರಟು ಪೂಜೆ ಮಾಡಿಸಿದವನ ಕಡೆ ಹೋದವು. ಮೇಲಿನವನ ಕೈಗೆ ಬಿದ್ದದ್ದು ದಾನ, ನಮ್ಮ ಕೈಗೆ ಬಿದ್ದದ್ದು ಭಿಕ್ಷೆ. ನಾವು ಕೊಟ್ಟದ್ದಕ್ಕೆ ಹೆಸರೇ ಇರಲಿಲ್ಲ, ಬಿಟ್ಟಿ ಅಂದರು. ಈಗ ಅದೇ ಮಾತು ಆಸ್ಪತ್ರೆಯ ಗೋಡೆ ಮೇಲೆ ಬಂದು ಕೂತಿದೆ: ಅಂಗದಾನ, ಮಹಾದಾನ.

ನಾವು ಇದರ ವಿರೋಧಿಗಳಲ್ಲ. ಸಾಯುವವನನ್ನು ಬದುಕಿಸುವ ವಿದ್ಯೆಗೆ ಬೆನ್ನು ತಿರುಗಿಸುವಷ್ಟು ಅವಿವೇಕಿಗಳೂ ಅಲ್ಲ. ಆದರೆ ಅಕ್ಷರ ಕಲಿತ ಮೊದಲ ತಲೆಮಾರಿನವರಾದ ನಮಗೆ ಒಂದು ಕೆಲಸ ಇದೆ. ಪುಣ್ಯದ ಮಾತು ಕೇಳಿದಾಗಲೆಲ್ಲ ಅದರ ಲೆಕ್ಕದ ಪುಸ್ತಕ ತೆಗೆಸಬೇಕು. ಕೊಟ್ಟವನನ್ನು ಯಾರಾದರೂ ಕೇಳಿದರೇ? ಕೇಳಿದಾಗ ‘ಇಲ್ಲ’ ಅನ್ನೋ ಸ್ಥಿತಿಯಲ್ಲಿ ಅವನಿದ್ದನೇ? ಈ ಎರಡು ಪ್ರಶ್ನೆ ಹಿಡಿದು ಅಂಗಾಂಗ ಕಸಿಯ ಚರಿತ್ರೆ ಓದೋಣ.

1954ರ ಡಿಸೆಂಬರ್ 23. ಅಮೆರಿಕದ ಬಾಸ್ಟನ್ ನಗರದಲ್ಲಿ ಡಾಕ್ಟರ್ ಜೋಸೆಫ್ ಮರ್ರೆ ಮತ್ತು ಸಂಗಡಿಗರು ರೊನಾಲ್ಡ್ ಹೆರಿಕ್ ಎಂಬುವನ ಒಂದು ಮೂತ್ರಪಿಂಡ ತೆಗೆದು ಅವನ ಅವಳಿ ರಿಚರ್ಡನಿಗೆ ಇಟ್ಟರು. ರಿಚರ್ಡ್ ಮತ್ತೆ ಎಂಟು ವರ್ಷ ಬದುಕಿದ. ನಿಂತು ಫಲ ಕೊಟ್ಟ ಮೊದಲ ಕಸಿ ಅದು. ಒಂದೇ ಬಸಿರಿನ ಇಬ್ಬರು. ಕೊಟ್ಟವನು ತಿಳಿದು ಕೊಟ್ಟ. ಈ ವಿದ್ಯೆ ಹೀಗೆ ಅಣ್ಣತಮ್ಮಂದಿರ ನಡುವೆ ಹುಟ್ಟಿತು. ಅದು ಬೀದಿಗೆ ಬಂದ ಮೇಲೆ ಬೀದಿಯ ನ್ಯಾಯ ಅದಕ್ಕೂ ಅಂಟಿಕೊಂಡಿತು.

1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಾಕ್ಟರ್ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯನ ಹೃದಯವನ್ನು ಮನುಷ್ಯನ ಎದೆಯಲ್ಲಿ ಕಸಿ ಮಾಡಿದರು. ಆ ರೋಗಿ 18 ದಿನ ಬದುಕಿದ. ಒಂದು ತಿಂಗಳ ನಂತರ, 1968ರ ಜನವರಿ 2ರಂದು, ಬರ್ನಾರ್ಡ್ ಎರಡನೆಯ ಕಸಿ ಮಾಡಿದರು. ಈ ಸಲ ಹೃದಯ ಕ್ಲೈವ್ ಹೌಪ್ಟ್ ಎಂಬ 24 ವರ್ಷದ ಕಾರ್ಖಾನೆ ಕೆಲಸಗಾರನದು. ಹೊಸ ವರ್ಷದ ದಿನ ಸಮುದ್ರದ ದಂಡೆಯಲ್ಲಿದ್ದಾಗ ಮಿದುಳಿನಲ್ಲಿ ರಕ್ತಸ್ರಾವವಾಗಿ ಕುಸಿದು ಬಿದ್ದವನು ಅವನು. ಸರ್ಕಾರದ ದಫ್ತರದಲ್ಲಿ ಅವನ ಜಾತಿ ‘ಕಲರ್ಡ್’, ಅಂದರೆ ಬೆರಕೆ ಬಣ್ಣದವನು. ಹೃದಯ ಇಸಕೊಂಡವನು ಫಿಲಿಪ್ ಬ್ಲೈಬರ್ಗ್, ಹಲ್ಲಿನ ಡಾಕ್ಟರು, ಬಿಳಿಯ.

ಅದು ವರ್ಣಭೇದ ಆಳುತ್ತಿದ್ದ ಕಾಲ. 1949ರ ಕಾಯಿದೆ ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗಕೂಡದು ಅಂದಿತ್ತು. 1950ರ ಕಾಯಿದೆಗಳು ಪ್ರತಿಯೊಬ್ಬನ ಬಣ್ಣ ಬರೆಸಿ, ಯಾರು ಯಾವ ಕೇರಿಯಲ್ಲಿರಬೇಕು ಅಂತ ಗೆರೆ ಎಳೆದಿದ್ದವು. ಬೆಂಚು ಬೇರೆ, ಬಸ್ಸು ಬೇರೆ, ಆಸ್ಪತ್ರೆಯ ವಾರ್ಡು ಬೇರೆ. ಹೌಪ್ಟನನ್ನು ಪಕ್ಕದಲ್ಲಿ ಕೂರಿಸಿಕೊಳ್ಳದ ಸಮಾಜ ಅವನ ಗುಂಡಿಗೆಯನ್ನು ತನ್ನ ಎದೆಯೊಳಗೇ ಇಟ್ಟುಕೊಂಡಿತು. ಬ್ಲೈಬರ್ಗ್ 19 ತಿಂಗಳು ಬದುಕಿದ. ಆ ಹೃದಯ ಬಿಳಿಯರ ಕೇರಿಯಲ್ಲಿ ಅಷ್ಟು ದಿನ ಬಡಿದರೂ ಈ ಕಾಯಿದೆಗಳಲ್ಲಿ ಒಂದೂ ಬಿದ್ದುಹೋಗಲಿಲ್ಲ.

ಇದನ್ನು ಓದುವಾಗ ನಮಗೆ ನಮ್ಮ ಊರು ನೆನಪಾಗದೆ ಇರುತ್ತದೆಯೆ? ನಾವು ಮುಟ್ಟಿದ ನೀರು ಮೈಲಿಗೆ. ನಾವು ಕಳೆ ಕಿತ್ತು ಕುಯ್ದು ತಂದು ಹಾಕಿದ ರಾಗಿ ಮೈಲಿಗೆಯಲ್ಲ.

ಆದರೂ ಒಂದು ಮಾತು ಮುಚ್ಚಿಡಬಾರದು. ಹೌಪ್ಟನ ಮನೆಯವರನ್ನು ಕೇಳಿದ್ದರು, ಅವರು ಒಪ್ಪಿದ್ದರು. ಮಗನ ಹೆಣ ಮುಂದಿಟ್ಟುಕೊಂಡು ಪರರ ಜೀವಕ್ಕೆ ಹೂಂ ಅಂದವರು ದೊಡ್ಡವರು. ಸಣ್ಣದಾಗಿದ್ದದ್ದು ಇಸಕೊಂಡ ವ್ಯವಸ್ಥೆ.

ಅದೇ 1968ರ ಮೇ ತಿಂಗಳು. ಅಮೆರಿಕದ ವರ್ಜೀನಿಯ ರಾಜ್ಯದ ರಿಚ್‌ಮಂಡ್ ನಗರ. ಬ್ರೂಸ್ ಟಕರ್ ಎಂಬ ಕರಿಯ ಕೂಲಿಕಾರ ಗೋಡೆ ಮೇಲಿಂದ ಬಿದ್ದು ತಲೆ ಒಡೆದುಕೊಂಡ. ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಸೇರಿಸಿದರು. ಮಾರನೆಯ ದಿನ ಮಿದುಳು ನಿಂತಿದೆ ಅಂತ ಉಸಿರಾಟದ ಯಂತ್ರ ಬಂದ್ ಮಾಡಿ ಹೃದಯವನ್ನೂ ಮೂತ್ರಪಿಂಡಗಳನ್ನೂ ತೆಗೆದರು. ಹೃದಯ ಒಬ್ಬ ಬಿಳಿಯ ವ್ಯವಹಾರಸ್ಥನಿಗೆ ಹೋಯಿತು. ಅವನೂ ಒಂದು ವಾರದಲ್ಲಿ ತೀರಿಕೊಂಡ. ಟಕರನ ವಾರಸುದಾರರು ಸಿಗಲಿಲ್ಲ ಅಂತ ಬರೆದುಕೊಂಡರು. ಅವನ ಅಣ್ಣತಮ್ಮಂದಿರಲ್ಲೊಬ್ಬ, ವಿಲಿಯಂ ಟಕರ್, ಅದೇ ಊರಿನಲ್ಲಿ ಜೋಡು ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಆ ಅಂಗಡಿಯ ಚೀಟಿ ಸತ್ತವನ ಜೇಬಿನಲ್ಲೇ ಇತ್ತು. ಹೃದಯ ಇಲ್ಲ ಅನ್ನೋದು ವಿಲಿಯಂಗೆ ಗೊತ್ತಾದದ್ದು ಹೆಣ ಮಣ್ಣಿಗೆ ತಯಾರು ಮಾಡುವವರಿಂದ.

ಮಿದುಳು ಸತ್ತರೆ ಮನುಷ್ಯ ಸತ್ತಂತೆ ಅನ್ನೋ ಹಾರ್ವರ್ಡ್ ಸಮಿತಿಯ ವರದಿ ಅಚ್ಚಾದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಟಕರನ ಹೃದಯ ಅದಕ್ಕೂ ಮೂರು ತಿಂಗಳು ಮುಂಚೆ ಹೊರಗೆ ಬಂದಾಗಿತ್ತು. ವಿಲಿಯಂ ದಾವೆ ಹೂಡಿದ. ಅವನ ವಕೀಲ ಡಗ್ಲಸ್ ವೈಲ್ಡರ್. 1989ರಲ್ಲಿ ಅದೇ ರಾಜ್ಯದ ಗವರ್ನರಾಗಿ ಗೆದ್ದ ಕರಿಯ ಇವರೇ. 1972ರಲ್ಲಿ ಜ್ಯೂರಿ ಡಾಕ್ಟರುಗಳ ಪರ ತೀರ್ಪು ಕೊಟ್ಟಿತು. ಸಾವು ಅಂದರೇನು ಅನ್ನೋ ದೊಡ್ಡ ಪ್ರಶ್ನೆಗೆ ಕೋರ್ಟಿನಲ್ಲಿ ಉತ್ತರ ಸಿಕ್ಕಿತು. ಬಡವನ ಮನೆಯವರನ್ನು ಯಾಕೆ ಕೇಳಲಿಲ್ಲ ಅನ್ನೋ ಸಣ್ಣ ಪ್ರಶ್ನೆ ಹಾಗೇ ಉಳಿಯಿತು.

1994ರಲ್ಲಿ ಅದೇ ಕಾಲೇಜಿನ ಆವರಣದಲ್ಲಿ ಕಟ್ಟಡಕ್ಕೆ ನೆಲ ಅಗೆಯುವಾಗ ಹಳೇ ಬಾವಿಯೊಂದರಲ್ಲಿ ಮನುಷ್ಯರ ಮೂಳೆಗಳು ಸಿಕ್ಕವು. ಹೆಚ್ಚಿನವು ಕರಿಯರವು. ಹತ್ತೊಂಬತ್ತನೆಯ ಶತಮಾನದಲ್ಲಿ ವೈದ್ಯ ವಿದ್ಯಾರ್ಥಿಗಳು ಕುಯ್ದು ಕಲಿತು ಬಿಸಾಕಿದ ದೇಹಗಳು. ಅವರನ್ನೂ ಯಾರೂ ಕೇಳಿರಲಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾಯಿತು. ಎಂಬತ್ತರ ದಶಕದಲ್ಲಿ ಸೈಕ್ಲೋಸ್ಪೋರಿನ್ ಎಂಬ ಔಷಧ ಬಂತು. ಪರರ ಅಂಗವನ್ನು ದೇಹ ತಳ್ಳದಂತೆ ತಡೆಯುವ ಔಷಧ. ರಕ್ತಸಂಬಂಧಿಯೇ ಬೇಕೆಂಬ ಕಟ್ಟು ಸಡಿಲವಾದದ್ದೇ ತಡ, ದಲ್ಲಾಳಿ ಹುಟ್ಟಿಕೊಂಡ. ಮದ್ರಾಸಿನ ವಿಲ್ಲಿವಾಕ್ಕಮ್ಮಿಗೆ ಜನ ‘ಕಿಡ್ನಿವಾಕ್ಕಂ’ ಅಂತ ಹೆಸರಿಟ್ಟರು. ಪುರುಷಸೂಕ್ತದ ದೇಹದಲ್ಲಿ ಶೂದ್ರನಿಗೆ ಸಿಕ್ಕಿದ್ದು ಪಾದ, ಪಂಚಮನಿಗೆ ಅದೂ ಇಲ್ಲ. ಆದರೆ ಕಿಡ್ನಿ ಕೊಳ್ಳುವಾಗ ನೀನು ಯಾವ ಅಂಗದಿಂದ ಹುಟ್ಟಿದವನು ಅಂತ ಯಾವ ಸಾಹುಕಾರನೂ ಕೇಳಲಿಲ್ಲ. ರಕ್ತದ ಗುಂಪು ಕೇಳಿದ. ಅದು ಕೇರಿ ನೋಡಿ ಬರುವುದಿಲ್ಲ.

1994ರಲ್ಲಿ ಪಾರ್ಲಿಮೆಂಟು ಮಾನವ ಅಂಗಾಂಗ ಕಸಿ ಕಾಯಿದೆ ಮಾಡಿತು. ಮಿದುಳಿನ ಸಾವನ್ನು ಒಪ್ಪಿತು, ಅಂಗ ಮಾರುವುದನ್ನೂ ಕೊಳ್ಳುವುದನ್ನೂ ಅಪರಾಧ ಮಾಡಿತು. ಸಂಬಂಧಿಯಲ್ಲದವನು ‘ಪ್ರೀತಿ ವಾತ್ಸಲ್ಯದಿಂದ’ ಕೊಡಬಹುದು, ಸಮಿತಿ ಒಪ್ಪಬೇಕು ಅಂದಿತು. ಕೂಲಿಯವನಿಗೆ ಬಂಗಲೆಯವನ ಮೇಲೆ ಒಮ್ಮೆಲೇ ಉಕ್ಕಿದ ಪ್ರೀತಿಯ ಕಾಗದಗಳು ಸಮಿತಿಗಳ ಮುಂದೆ ಬಂದವು. 2011ರ ತಿದ್ದುಪಡಿ ಶಿಕ್ಷೆಯನ್ನು ಹತ್ತು ವರ್ಷದವರೆಗೆ, ದಂಡವನ್ನು ಒಂದು ಕೋಟಿ ರೂಪಾಯಿವರೆಗೆ ಏರಿಸಿತು.

ಮಾರಿದವರಿಗೆ ಏನಾಯಿತು? 2001ರಲ್ಲಿ ಚೆನ್ನೈಯಲ್ಲಿ ಕಿಡ್ನಿ ಮಾರಿದ 305 ಜನರನ್ನು ಮಾತಾಡಿಸಿ ಮಾಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ನೂರಕ್ಕೆ 96 ಜನ ಮಾರಿದ್ದು ಸಾಲ ತೀರಿಸಲು. ಸರಾಸರಿ ಸಿಕ್ಕಿದ್ದು 1,070 ಡಾಲರ್. ಮಾತಾಡಿದ ದುಡ್ಡೂ ಪೂರ್ತಿ ಬರಲಿಲ್ಲ. ಮಾರಿದ ಮೇಲೆ ಸಂಸಾರದ ಆದಾಯ ಮೂರನೇ ಒಂದು ಪಾಲು ಇಳಿಯಿತು. ಮುಕ್ಕಾಲು ಪಾಲು ಜನರ ತಲೆ ಮೇಲೆ ಸಾಲ ಹಾಗೇ ಇತ್ತು. ನೂರಕ್ಕೆ 86 ಜನ ಆರೋಗ್ಯ ಕೆಟ್ಟಿದೆ ಅಂದರು. ಇಲ್ಲಿ ಕೊಟ್ಟವರನ್ನು ಕೇಳಿದ್ದರು, ನಿಜ. ಆದರೆ ಹೂಂ ಅಂದದ್ದು ಅವರ ಬಾಯಲ್ಲ, ಅವರ ಸಾಲ. ಬಡ್ಡಿಯವನು ಬಾಗಿಲಲ್ಲಿ ನಿಂತಿರುವಾಗ ಕೊಟ್ಟ ಒಪ್ಪಿಗೆ ಜೀತದ ಚೀಟಿಗೆ ಒತ್ತಿದ ಹೆಬ್ಬೆಟ್ಟಿನಂಥದೇ.

ಮನೆಯೊಳಗೂ ಜೀತ ಇದೆ. 1995ರಿಂದ 2021ರವರೆಗೆ ಈ ದೇಶದಲ್ಲಿ ಅಂಗ ಪಡೆದ ಐವರಲ್ಲಿ ನಾಲ್ವರು ಗಂಡಸರು ಅನ್ನುತ್ತದೆ ಸರ್ಕಾರದ ಲೆಕ್ಕ. ಬದುಕಿದ್ದಾಗಲೇ ಕೊಟ್ಟವರಲ್ಲಿ ಹೆಚ್ಚಿನವರು ಹೆಂಗಸರು. ಅವ್ವನಿಗೆ, ಹೆಂಡತಿಗೆ ‘ಒಲ್ಲೆ’ ಅನ್ನೋ ಮಾತನ್ನು ಈ ಸಮಾಜ ಯಾವತ್ತು ಕಲಿಸಿತ್ತು?

ಹಾಗಂತ ಈ ದಾರಿ ಮುಚ್ಚಬೇಕೆ? ಖಂಡಿತ ಬೇಡ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಮನೆಯವರು ಅಂಗಗಳನ್ನು ಕೊಟ್ಟರು. ಬಲವಂತ ಇಲ್ಲ, ಬೆಲೆ ಇಲ್ಲ, ಯಾರಿಗೆ ಹೋಗಬೇಕು ಅನ್ನೋ ಆಯ್ಕೆಯೂ ಇಲ್ಲ. ಕೊಡುವುದು ಅಂದರೆ ಹೀಗೆ. ಕರ್ನಾಟಕದಲ್ಲಿ ಸತ್ತವರ ಅಂಗಗಳ ಸರದಿ ಪಟ್ಟಿ ನೋಡಿಕೊಳ್ಳಲು ‘ಜೀವಸಾರ್ಥಕತೆ’ ಎಂಬ ಸರ್ಕಾರಿ ವ್ಯವಸ್ಥೆಯಿದೆ. ಆ ಪಟ್ಟಿ ಜಾತಿ ಕೇಳುವುದಿಲ್ಲ. ಆದರೆ ಪಟ್ಟಿಗೆ ಸೇರುವ ಮೊದಲು ಡಯಾಲಿಸಿಸ್‌ಗೆ ಹೋಗಲು ಬಸ್ ಚಾರ್ಜು ಬೇಕು, ಕೂಲಿ ಬಿಡಬೇಕು. ಕಸಿ ಆದ ಮೇಲೆ ಅಂಗ ಉಳಿಯುವಷ್ಟು ಕಾಲವೂ ಮಾತ್ರೆ ನುಂಗಬೇಕು. ಜಾತಿ ಕೇಳದ ಪಟ್ಟಿಯ ಬಾಗಿಲಲ್ಲಿ ಕೂತಿರುವುದು ದುಡ್ಡು.

ಊರಿನ ಹೆಣ ಹೊತ್ತವರು, ಗುಂಡಿ ತೋಡಿದವರು, ಶವಾಗಾರದಲ್ಲಿ ಡಾಕ್ಟರರ ಪಕ್ಕ ನಿಂತು ಹೆಣ ಹಿಡಿದವರು ನಮ್ಮ ಅಪ್ಪಂದಿರು. ಸತ್ತ ದೇಹದ ಬಗ್ಗೆ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೊಡಲು ನಮ್ಮ ಜನ ಹಿಂದೆ ಬಿದ್ದವರೂ ಅಲ್ಲ. ನಾವು ಕೇಳುವುದು ಇಷ್ಟು. ನಮ್ಮ ಭಾಷೆಯಲ್ಲಿ, ನಮ್ಮ ಎದುರು ಕೂತು, ಬಿಡಿಸಿ ಹೇಳಿ ಕೇಳಿ. ‘ಇಲ್ಲ’ ಅಂದರೆ ಸುಮ್ಮನೆ ಎದ್ದು ಹೋಗಿ. ಜಿಲ್ಲೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಕಸಿ ನಡೆಯಲಿ, ಮಾತ್ರೆ ಬಿಟ್ಟಿ ಸಿಗಲಿ. ಕೇರಿಯಿಂದ ಕಿಡ್ನಿ ಹೊರಟ ದಾರಿಯಲ್ಲೇ ಕೇರಿಗೂ ಒಂದು ಕಿಡ್ನಿ ಬರಲಿ. ಅಲ್ಲಿಯವರೆಗೆ ಲೆಕ್ಕದ ಪುಸ್ತಕ ನಮ್ಮ ಕೈಯಲ್ಲಿ ತೆರೆದೇ ಇರುತ್ತದೆ.