ಪರ್ವತದ ಹಾದಿ: ಕೃಷ್ಣಾತೀರದ ಬಯಲುಸೀಮೆ ಮತ್ತು ಶ್ರೀಶೈಲ

ಮಸೂತಿಯ ಸುತ್ತಣ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಪ್ರದೇಶವು ಬಹುಮಟ್ಟಿಗೆ ಎರೆಭೂಮಿಯ ಬಯಲು. ಪರ್ವತವೆನ್ನಬಹುದಾದ ಬೆಟ್ಟ ಇಲ್ಲಿಲ್ಲ. ಆದರೂ ಈ ಭಾಗದಲ್ಲಿ ಪರ್ವತಪ್ಪ, ಪರ್ವತಗೌಡ, ಪರ್ವತವ್ವ ಎಂಬ ಹೆಸರುಗಳಿವೆ. ದೂರದ ಬೆಟ್ಟವೊಂದು ಮನೆಮಕ್ಕಳ ಹೆಸರಾದುದು ಜಾನಪದ ಅಧ್ಯಯನದ ದೃಷ್ಟಿಯಿಂದ ವಿಚಾರಾರ್ಹವಾಗಿದೆ.

ಆ ಬೆಟ್ಟ ಶ್ರೀಶೈಲ. ನಲ್ಲಮಲದ ದಟ್ಟಾರಣ್ಯದಲ್ಲಿ, ಕೃಷ್ಣೆಯ ಬಲದಂಡೆಯ ಮೇಲಿರುವ ಈ ಕ್ಷೇತ್ರವನ್ನು ಜನರು ಬರಿದೇ 'ಪರ್ವತ'ವೆಂದೂ ಅಲ್ಲಿಯ ದೇವರನ್ನು 'ಪರ್ವತ ಮಲ್ಲಯ್ಯ'ನೆಂದೂ ಕರೆಯುತ್ತಾರೆ. ಹೆಸರು ಹಳೆಯದು. ಪಾಲ್ಕುರಿಕಿ ಸೋಮನಾಥನ ತೆಲುಗು ಕೃತಿ 'ಪಂಡಿತಾರಾಧ್ಯ ಚರಿತ್ರ'ದಲ್ಲಿ ಶ್ರೀಶೈಲಯಾತ್ರೆಯನ್ನು ವರ್ಣಿಸುವ ಭಾಗ 'ಪರ್ವತ ಪ್ರಕರಣ'ವೆಂದೇ ಇದೆ. 1794ರಲ್ಲಿ ಇಲ್ಲಿಗೆ ಬಂದಿದ್ದ ಕಾಲಿನ್ ಮೆಕೆಂಝಿಯೂ ತನ್ನ ವರದಿಯಲ್ಲಿ ಇದನ್ನು ಪರ್ವತವೆಂಬ ಹೆಸರಿನಿಂದಲೇ ಗುರುತಿಸಿದ್ದಾನೆ.

ಆಲಮಟ್ಟಿಯಿಂದ ಮುಂದಕ್ಕೆ ಹರಿಯುವ ಕೃಷ್ಣೆಯೇ ಈ ಪರ್ವತದ ಬುಡದಲ್ಲಿ ಪಾತಾಳಗಂಗೆ ಎನಿಸಿಕೊಳ್ಳುತ್ತದೆ. ಯಾತ್ರಿಕರು ಮಾತ್ರ ನದಿಯನ್ನು ಅನುಸರಿಸದೆ, ಆತ್ಮಕೂರಿನ ಕಡೆಯಿಂದ ಕಾಡನ್ನು ಪ್ರವೇಶಿಸಿ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳಗಳನ್ನು ದಾಟಿ ಕೈಲಾಸದ್ವಾರವನ್ನು ಏರುತ್ತಾರೆ. ಶ್ರೀಶೈಲದ ಮೆಟ್ಟಿಲುಗಳನ್ನು 14ನೆಯ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮ ಕಟ್ಟಿಸಿದನು. ಭೀಮನಕೊಳ್ಳದ ಕಡಿದಾದ ಏರು ಇಂದಿಗೂ ಕಠಿಣವೇ. ಅಲ್ಲಿ ಕಂಬಿ ಹೊತ್ತವರೂ ಇರುತ್ತಾರೆ. ಹರಕೆಯಿಂದ ಮರಗಾಲು ಕಟ್ಟಿಕೊಂಡು ದಾರಿ ಸವೆಸಿ ಬಂದವರೂ ಇರುತ್ತಾರೆ.

ಕನ್ನಡಿಗರ ಯಾತ್ರೆ ಶಿವರಾತ್ರಿಗಿಂತ ಹೆಚ್ಚಾಗಿ ಯುಗಾದಿಗೆ ಸೇರಿದುದು. ಇದಕ್ಕೆ ಕಾರಣವನ್ನು ಪುರಾಣದಲ್ಲಿ ಹುಡುಕುವುದಕ್ಕಿಂತ ಹೊಲದಲ್ಲಿ ಹುಡುಕುವುದು ಲೇಸು. ಬಿಳಿಜೋಳದ ಹಿಂಗಾರಿ ಸುಗ್ಗಿ ಮುಗಿದು, ರಾಶಿ ಮನೆ ಸೇರಿ, ಒಕ್ಕಲಿಗನಿಗೆ ಬಿಡುವು ದೊರೆಯುವ ಕಾಲವದು. ಬುತ್ತಿಗೆ ರೊಟ್ಟಿ ಕಟ್ಟಿಕೊಳ್ಳಲು ಹೊಸ ಜೋಳವಿರುತ್ತದೆ.

ಎಲ್ಲಕ್ಕಿಂತ ಗಮನಾರ್ಹವಾದುದು ನೆಂಟಸ್ತಿಕೆಯ ಭಾವ. ಭ್ರಮರಾಂಬೆ ಕನ್ನಡನಾಡಿನ ಮಗಳು, ಮಲ್ಲಯ್ಯ ಅಳಿಯ ಎಂಬುದು ಈ ಯಾತ್ರಿಕರ ನಂಬಿಕೆ. ಹಬ್ಬಕ್ಕೆ ಮಗಳನ್ನು ಕಾಣಲು ಹೋಗುವವರಂತೆ ಅವರು ಸೀರೆ, ಕುಪ್ಪಸ, ಅರಿಶಿನ, ಕುಂಕುಮ, ಬಳೆಗಳನ್ನು ಒಯ್ಯುತ್ತಾರೆ. ಶಿಖರೇಶ್ವರದಿಂದ ಗುಡಿಯ ಶಿಖರವನ್ನು ಕಂಡವರಿಗೆ ಪುನರ್ಜನ್ಮವಿಲ್ಲವೆಂಬ ಶಾಸ್ತ್ರೋಕ್ತ ನಂಬಿಕೆ ಅವರಿಗೆ ತಿಳಿಯದುದಲ್ಲ. ಆದರೆ ಬಿಡುಗಡೆಯನ್ನು ಬಯಸಿ ಹೋದವರು ಕೈಯಲ್ಲಿ ಬಳೆ ಹಿಡಿದಿರುವುದೇಕೆ? ನಮ್ಮ ವಿದ್ವಾಂಸರು ಅಕ್ಕಮಹಾದೇವಿಯ ಕದಳಿಯನ್ನು ಕುರಿತು ಬರೆದಷ್ಟು ಈ ಬಳೆಗಳನ್ನು ಕುರಿತು ಬರೆದಿಲ್ಲ.

1956ಕ್ಕೆ ಮುನ್ನ ಈ ಬಯಲು ಮುಂಬಯಿ ಪ್ರಾಂತದಲ್ಲಿತ್ತು. ಶ್ರೀಶೈಲವು ಮೊದಲು ಮದರಾಸಿಗೆ, 1953ರಿಂದ ಆಂಧ್ರಕ್ಕೆ ಸೇರಿತ್ತು. ಆಡಳಿತದ ಗಡಿಗಳು ಹಲವು ಬಾರಿ ಬದಲಾದರೂ ತವರಿನ ಸೀರೆ ನಿಂತಿಲ್ಲ. ಈಗ ಬಹಳಷ್ಟು ಮಂದಿ ಬಸ್ಸಿನಲ್ಲಿಯೇ ಹೋಗುತ್ತಾರೆ. ಸೀರೆಯ ಗಂಟು ಅವರ ಮಡಿಲಲ್ಲಿರುತ್ತದೆ.